ಹೊಸ ಡಿಸ್ಕಿಗೂ ಹಳೆಯ ಗುರುತು

ಟಕ್... ಟಕ್... ಸ್ವಲ್ಪ ಬಿಟ್ಟು ಮತ್ತೆ ಟಕ್.

ಮನೆಯೆಲ್ಲ ಮಲಗಿದ ಮೇಲೆ ಹೊಲಿಗೆ ಕೋಣೆಯಿಂದ ಆ ಸದ್ದು ಬಂತು. ದರ್ಜಿ ಅಕ್ಕ ಎದ್ದು ಕೂತಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ನಲ್ಲಿ ಸೋರುತ್ತಿದೆಯೇ? ಇಲ್ಲ. ಇಲಿಯೇ? ಅದೂ ಅಲ್ಲ. ಸದ್ದು ಕಂಪ್ಯೂಟರ್ ಪೆಟ್ಟಿಗೆಯ ಒಳಗಿನಿಂದ ಬರುತ್ತಿತ್ತು.

ಆ ಪೆಟ್ಟಿಗೆಗೆ ಅವಳೇ ಒಂದು ಗವಸು ಹೊಲಿದಿದ್ದಳು. ಒಳಗೆ ಹತ್ತಿ ತುಂಬಿ, ಅಂಚಿಗೆ ನೀಲಿ ಪಟ್ಟಿ ಕೊಟ್ಟು, ಮೈಗೆ ಅಂಟುವ ಹಾಗೆ. ದಿನಾ ರಾತ್ರಿ ಗವಸು ಹೊದಿಸಲು ಮರೆಯುತ್ತಿರಲಿಲ್ಲ. ಕಂಪ್ಯೂಟರ್ ಆರಿಸಲು ಮಾತ್ರ ಎಷ್ಟೋ ಸಲ ಮರೆಯುತ್ತಿದ್ದಳು. ಈಗ ಗವಸು ಸರಿಸಿ ಕೈಯಿಟ್ಟರೆ ಪೆಟ್ಟಿಗೆ ಜ್ವರ ಬಂದ ಮಗುವಿನ ಹಾಗೆ ಸುಡುತ್ತಿತ್ತು. ಕೂಡಲೇ ಆರಿಸಿದಳು. ನಿದ್ದೆ ಮಾತ್ರ ಹತ್ತಲಿಲ್ಲ.

ಅವಳ ಕಸೂತಿ ವಿನ್ಯಾಸಗಳೆಲ್ಲ ಇದ್ದದ್ದು ಅದರೊಳಗೆ. ಆಂಬುಲೆನ್ಸ್ ಸಿಬ್ಬಂದಿಯ ಅಂಗಿಗಳಿಗೆ ಬ್ಯಾಡ್ಜ್ ಹೊಲಿಯುವ ಕೆಲಸ ಕೈಗೆ ಬಂದಿತ್ತು. ವಾರದ ಕೊನೆಗೆ ಒಪ್ಪಿಸಬೇಕು. ಕಸೂತಿ ಯಂತ್ರಕ್ಕೆ ವಿನ್ಯಾಸ ಹೋಗುವುದು ಈ ಕಂಪ್ಯೂಟರಿನಿಂದಲೇ. ಇದು ನಿಂತರೆ ಕೆಲಸ ಬೇರೆಯವರ ಪಾಲು.

ಬೆಳಿಗ್ಗೆ ಫೋನ್ ಹೋದದ್ದೇ ನಾದಿನಿ ಓಡಿಬಂದಳು. ಅವಳಿಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ.

"ಅತ್ತಿಗೆ, ಇದು ಹಾರ್ಡ್ ಡಿಸ್ಕಿನ ಸದ್ದು. ಇನ್ನು ಇದನ್ನ ನಂಬೋ ಹಾಗಿಲ್ಲ, ಹೊಸದೇ ಹಾಕ್ಬೇಕು. ಮೊದಲು ಬೇಕಾದ್ದನ್ನೆಲ್ಲ ಪೆನ್ ಡ್ರೈವಿಗೆ ಎತ್ಕೊಳ್ಳೋಣ. ಮಿಕ್ಕ ಮಾತು ಆಮೇಲೆ."

ವಿನ್ಯಾಸಗಳು ಒಂದೊಂದಾಗಿ ಈಚೆ ಬಂದವು. ಪ್ರತಿ 'ಟಕ್'ಗೂ ದರ್ಜಿ ಅಕ್ಕನ ಎದೆ ಧಸಕ್ಕೆನ್ನುತ್ತಿತ್ತು. ಕೊನೆಯದು ಬಂದಾಗಲೇ ಅವಳು ನೆಟ್ಟಗೆ ಉಸಿರಾಡಿದ್ದು.

ವ್ಯಾನ್ ಓಡಿಸುವ ಗಂಡ ಬಾಗಿಲಿಗೆ ಒರಗಿ ನಿಂತಿದ್ದ. "ಡಿಸ್ಕ್ ಹೊಸದು ಅಂದ್ಮೇಲೆ ವಿಂಡೋಸೂ ಹೊಸದೇ ಕೊಳ್ಬೇಕಲ್ಲಮ್ಮಾ?"

"ಬೇಡ ಅಣ್ಣ. ಕಂಪ್ಯೂಟರ್ ಕೊಂಡಾಗಲೇ ಅಸಲಿ ವಿಂಡೋಸ್ ಜೊತೆಗೆ ಬಂದಿದೆ."

"ಬಂದಿತ್ತು. ಕೀ ಬರೆದಿದ್ದ ಚೀಟಿ ನೋಡು, ಅಕ್ಷರ ಎಲ್ಲ ಉಜ್ಜಿಹೋಗಿದೆ. ಕೀ ಇಲ್ದೆ ಬೀಗ ತೆಗೀತೀಯಾ? ಸುಮ್ನಿರು, ನಮ್ಮ ಚಿಟಿಕೆಗೆ ಹೇಳ್ತೀನಿ."

ಚಿಟಿಕೆ ಅಂದರೆ ಅವನ ಗೆಳೆಯ. ಯಾವ ಕೆಲಸವನ್ನೂ 'ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ತೀನಿ' ಎಂದು ಹೇಳಿ ಹೇಳಿಯೇ ಆ ಹೆಸರು ನಿಂತಿತ್ತು. ಅರ್ಧ ಗಂಟೆಯೊಳಗೆ ಅವನಿಂದ ಫೋನಿಗೆ ಒಂದು ಫೈಲು ಬಂತು.

"ಇದನ್ನ ಹಾಕಿದ್ರೆ ಕೀ ಇಲ್ದೆ ವಿಂಡೋಸ್ ಪುಕ್ಕಟೆ ಆಕ್ಟಿವೇಟ್ ಆಗುತ್ತಂತೆ. ಆಂಟಿವೈರಸ್ ಮಾತ್ರ ಮೊದಲೇ ಆರಿಸ್ಬೇಕಂತೆ."

ನಾದಿನಿ ನಕ್ಕಳು. "ರಾತ್ರಿ ಬರ್ತೀನಿ, ಕಾವಲುಗಾರನ್ನ ಮನೆಗೆ ಕಳಿಸಿಬಿಡಿ ಅನ್ನೋನು ಎಂಥ ನೆಂಟ ಅಣ್ಣ? ಅತ್ತಿಗೆ ಬ್ಯಾಂಕಿನ ಕೆಲಸವನ್ನೂ ಇದರಲ್ಲೇ ಮಾಡ್ತಾರೆ. ಪಾಸ್‌ವರ್ಡ್ ಕದಿಯೋಕೆ ನೀನೇ ದಾರಿ ತೋರಿಸ್ತೀಯಾ?"

"ರೀ, ಅವಳು ಹೇಳೋದನ್ನ ಒಂದ್ಸಲ ಕೇಳಿ," ಎಂದಳು ದರ್ಜಿ ಅಕ್ಕ.

"ಆಯ್ತಪ್ಪ, ನೋಡೇಬಿಡೋಣ," ಎಂದು ಅವನು ಸ್ಟೂಲು ಎಳೆದು ಕೂತ.

ಹಳೆಯ ಡಿಸ್ಕ್ ಬಿಚ್ಚುವ ಮುಂಚೆ ನಾದಿನಿ ಸೆಟ್ಟಿಂಗ್ಸ್ ತೆರೆದಳು. ಅಲ್ಲಿದ್ದ ವಿಂಡೋಸ್ 'ಹೋಮ್' ಎನ್ನುವ ಬಗೆಯದು, ಅದು ಆಕ್ಟಿವೇಟ್ ಆಗಿಯೇ ಇದೆ ಎಂದು ನೋಡಿಕೊಂಡಳು. ಅತ್ತಿಗೆಯ ಇಮೇಲ್ ಖಾತೆಯಿಂದ ಅದಕ್ಕೆ ಸೈನ್ ಇನ್ ಮಾಡಿಸಿದಳು. ಲ್ಯಾಬಿಗೆ ಹೋಗಿ, ವಿಂಡೋಸ್ ತಯಾರಿಸುವ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ಇನ್‌ಸ್ಟಾಲ್ ಮಾಡುವ ಫೈಲುಗಳನ್ನು ಇನ್ನೊಂದು ಖಾಲಿ ಪೆನ್ ಡ್ರೈವಿಗೆ ತುಂಬಿಸಿಕೊಂಡು, ದಾರಿಯಲ್ಲಿ ಹೊಸ ಡಿಸ್ಕನ್ನೂ ಕೊಂಡು ಬಂದಳು.

ಪೆಟ್ಟಿಗೆ ತೆರೆದಾಗ ಒಳಗಿನ ಫ್ಯಾನಿಗೆ ಹತ್ತಿಯ ನೂಲು ಸುತ್ತಿಕೊಂಡಿತ್ತು. "ಇಷ್ಟು ಹತ್ತಿ ಎಲ್ಲಿಂದ ಬಂತು? ಪಾಪ, ಇದಕ್ಕೆ ಉಸಿರು ಕಟ್ಟಿದೆ. ಬಿಸಿಗೆ ಡಿಸ್ಕ್ ಬೇಗ ಸೋಲುತ್ತೆ," ಎಂದಳು ನಾದಿನಿ.

"ಟೈಲರ್ ಮನೇಲಿ ಹತ್ತಿ ಇಲ್ದೆ ಇನ್ನೇನು ಚಿನ್ನ ಇರುತ್ತಾ?" ಎಂದ ಗಂಡ.

ದರ್ಜಿ ಅಕ್ಕ ಗವಸನ್ನು ಕಾಲಿನಿಂದ ಮೆಲ್ಲನೆ ಮೇಜಿನ ಕೆಳಗೆ ತಳ್ಳಿದಳು.

ಹೊಸ ಡಿಸ್ಕ್ ಕೂತಿತು. ಅವಳು ಮುಟ್ಟಿ ನೋಡಿದಳು. ಒಂದು ಹೊಲಿಗೆಯೂ ಬೀಳದ ಹೊಸ ಬಟ್ಟೆಯ ಹಾಗೆ, ಏನೂ ಅರಿಯದ ಡಿಸ್ಕ್. ಇನ್‌ಸ್ಟಾಲ್ ಶುರುವಾದದ್ದೇ ಪರದೆ ಕೀ ಕೇಳಿತು.

"ನೋಡಿದ್ಯಾ! ಕೇಳ್ತು!" ಗಂಡ ತೊಡೆ ತಟ್ಟಿದ.

ನಾದಿನಿ 'ನನ್ನ ಬಳಿ ಕೀ ಇಲ್ಲ' ಎಂಬುದನ್ನು ಒತ್ತಿದಳು. ಯಾವ ಬಗೆ ಎಂದಾಗ ಮೊದಲಿದ್ದ 'ಹೋಮ್' ಅನ್ನೇ ಆರಿಸಿದಳು. ಎಲ್ಲ ಮುಗಿದ ಮೇಲೆ ಇಂಟರ್ನೆಟ್ ಜೋಡಿಸಿ, ಅದೇ ಇಮೇಲ್ ಖಾತೆಯಿಂದ ಸೈನ್ ಇನ್ ಮಾಡಿಸಿ, ಆಕ್ಟಿವೇಶನ್ ಪುಟ ತೆರೆದಳು. ಪುಟ್ಟ ಚುಕ್ಕೆಗಳು ಸುತ್ತಿದವು.

ಪರದೆಯ ಮೇಲೆ ಬಂತು: ವಿಂಡೋಸ್ ಆಕ್ಟಿವೇಟ್ ಆಗಿದೆ.

ಗಂಡ ಸ್ಟೂಲಿನಿಂದ ಎದ್ದೇಬಿಟ್ಟ. "ಯಾರು ಹೇಳಿದ್ರು ಇದಕ್ಕೆ?" ಅವನ ದನಿ ತಾನಾಗಿಯೇ ತಗ್ಗಿತ್ತು.

"ಅತ್ತಿಗೆ, ನಿಮ್ಮ ಹಳೇ ಗಿರಾಕಿ ಹೊಸ ಬಟ್ಟೆ ತಂದ್ರೆ, ಅವರು ಯಾರು ಅಂತ ಕೇಳ್ತೀರಾ?"

"ಯಾಕೆ ಕೇಳ್ಲಿ? ಅಳತೆ ನನ್ನ ಹತ್ರನೇ ಇರುತ್ತಲ್ಲ."

"ಇದೂ ಅಷ್ಟೇ. ಡಿಸ್ಕ್ ಬಟ್ಟೆ, ಒಳಗಿನ ಮದರ್‌ಬೋರ್ಡ್ ಮೈ. ಆ ಮೈಯ ಅಳತೆ ಕಂಪನಿಯವರ ಹತ್ರ ಇದೆ. ಬಟ್ಟೆ ಬದಲಾದ್ರೂ ಗುರುತು ಹಿಡಿದ್ರು. ನಾಳೆ ಮೈಯೇ ಬದಲಾದ್ರೆ, ಅಂದ್ರೆ ಮದರ್‌ಬೋರ್ಡ್ ಕೆಟ್ರೆ, ಆಗ ನಿಮ್ಮ ಖಾತೆ ನೆರವಿಗೆ ಬರುತ್ತೆ."

ದರ್ಜಿ ಅಕ್ಕ ರೆಪ್ಪೆ ಬಡಿಯದೆ ನೋಡಿದಳು. ಲೋಕದಲ್ಲಿ ಎಷ್ಟು ಕೋಟಿ ಪೆಟ್ಟಿಗೆಗಳಿವೆಯೋ! ಅವುಗಳ ನಡುವೆ, ಅವಳು ಎಂದೂ ಕಾಣದ ಎಲ್ಲೋ ಒಂದು ಕೋಣೆಯಲ್ಲಿ, ಅವಳ ಪೆಟ್ಟಿಗೆಯ ಅಳತೆ ಇದೆ. ಅವಳಿಗೆ ಮೈ ಜುಮ್ಮೆಂದಿತು. ಕೈ ತಾನಾಗಿ ಪರದೆಯ ಅಂಚು ಸವರಿತು.

ಗಂಡ ಫೋನ್ ತೆಗೆದು ಚಿಟಿಕೆಯ ಫೈಲು ಅಳಿಸಿದ. "ಅವನಿಗೂ ಹೇಳ್ಬೇಕು. ಅವನ ಕಂಪ್ಯೂಟರ್ ಯಾಕೆ ಯಾವಾಗ್ಲೂ ಕುಂಟುತ್ತೆ ಅಂತ ಈಗ ಗೊತ್ತಾಯ್ತು."

ಸಂಜೆಗೆ ಕಸೂತಿ ಯಂತ್ರ ಮೊದಲ ಬ್ಯಾಡ್ಜ್ ಹೊಲಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂಪ್ಯೂಟರಿನಿಂದಲೂ ಟಕ್ ಟಕ್ ಸದ್ದು ಬಂದರೆ ನಾಳೆಗೆ ತಳ್ಳಬೇಡಿ. ಬೇಕಾದ್ದನ್ನು ಅಂದೇ ನಕಲು ಮಾಡಿಕೊಳ್ಳಿ. ನಿಮ್ಮ ವಿಂಡೋಸ್ ಯಾವ ಬಗೆಯದೆಂದು ನೋಡಿಡಿ, ಅದನ್ನು ನಿಮ್ಮ ಖಾತೆಗೆ ಜೋಡಿಸಿಡಿ. ಇನ್‌ಸ್ಟಾಲ್ ಫೈಲು ತಯಾರಕರ ವೆಬ್‌ಸೈಟಿನಿಂದಲೇ ಬರಲಿ. ಅಸಲಿ ನಿಮ್ಮಲ್ಲಿರುವಾಗ ಕಳ್ಳ ಫೈಲಿಗೆ ಬಾಗಿಲು ತೆಗೆಯಬೇಡಿ. ಮತ್ತೆ, ಇವತ್ತೇ ಎದ್ದು ಹೋಗಿ ನೋಡಿ: ಓಡುವ ಕಂಪ್ಯೂಟರಿಗೆ ಗಾಳಿ ಆಡುತ್ತಿದೆಯೇ?

ದರ್ಜಿ ಅಕ್ಕ ಅಂದೇ ನೋಡಿದಳು. ಎಲ್ಲರೂ ಹೋದ ಮೇಲೆ ಮೇಜಿನ ಕೆಳಗಿನಿಂದ ಗವಸು ತೆಗೆದು, ಹೊಲಿಗೆ ಬಿಚ್ಚಿ, ನೀಲಿ ಪಟ್ಟಿ ಕಿತ್ತು, ಒಳಮೈ ಹೊರಗೆ ಮಾಡಿ, ತನ್ನ ಕುರ್ಚಿಗೆ ಒಂದು ದಿಂಬು ಹೊಲಿದಳು. ಗಂಡ ಬಂದು, "ಚೆನ್ನಾಗಿದೆಯಲ್ಲ, ಎಲ್ಲಿತ್ತು ಈ ಬಟ್ಟೆ?" ಎಂದ.

"ಇತ್ತು, ಮಿಕ್ಕಿದ್ದು," ಎಂದು ದಿಂಬಿನ ಮೇಲೆ ಕೂತಳು. ಆ ಗವಸಿನ ಕಥೆಯನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದಳು.