ಪುಟುಪುಟು ಮಾವನ ಮೋಟಾರಿಗೆ ಸ್ನಾನ

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಜನರನ್ನು ದಾಟಿಸುವ ದೋಣಿಯವನಿಗೆ ಊರಿಟ್ಟ ಹೆಸರು ಪುಟುಪುಟು ಮಾವ. ದೋಣಿಯ ಹಿಂಬದಿಗೆ ಕಚ್ಚಿಕೊಂಡಿದ್ದ ಹಳೆಯ ಮೋಟಾರು ಅವನ ಒಬ್ಬಳೇ ಮಗಳಿಗಿಂತ ಎರಡು ವರ್ಷ ದೊಡ್ಡದು. ಅವನು ಅದನ್ನು ‘ದೊಡ್ಡವಳು’ ಎನ್ನುತ್ತಿದ್ದ. ಮಗಳು ‘ಅಕ್ಕ’ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ನಡುನೀರಿನಲ್ಲಿ ದೊಡ್ಡವಳು ಪುಟುಪುಟು ಬಿಟ್ಟು ಗೊರ್ರ್, ಗೊರ್ರ್ ಎಂದಳು. ಆಮೇಲೆ ಉಸ್ಸೆಂದು ಸುಮ್ಮನಾದಳು. ಮಾವ ಹುಟ್ಟು ಹಾಕಿ ದಡ ಸೇರುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ದಡದಲ್ಲಿ ಎಂಟು ತಿಂಗಳ ಬಸುರಿ ಮಗಳು ಕಾಯುತ್ತಿದ್ದಳು. ಹೆರಿಗೆ ಆಸ್ಪತ್ರೆ ಆಚೆ ದಡದಲ್ಲಿ. ಸೇತುವೆ ಇಲ್ಲ. ಇಬ್ಬರಿಗೂ ಹೊಳೆದದ್ದು ಒಂದೇ ಮಾತು: ನೋವು ಬಂದ ದಿನ ಇವಳು ಹೀಗೆ ಕೈಕೊಟ್ಟರೆ?

ಮಗಳು ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಆರು ವರ್ಷ ದುಡಿದವಳು. ಮುಚ್ಚಳ ಮುಟ್ಟಿ ಕೈ ಹಿಂದೆಗೆದಳು. ಗಂಟೆ ಕಳೆದರೂ ಬಿಸಿ ಆರಿರಲಿಲ್ಲ.

“ಅಪ್ಪ, ಹಿಂದುಗಡೆ ಸಣ್ಣಗೆ ನೀರು ಚಿಮ್ತಿತ್ತಲ್ಲ, ಅದೆಲ್ಲಿ?”

“ಅದಾ? ಸೋರ್ತಿತ್ತು ಕಣೇ. ಎರಡು ವಾರದಿಂದ ಕಮ್ಮಿ ಆಗ್ತಾ ಬಂದು ಇವತ್ತು ತಾನಾಗೇ ನಿಂತೋಯ್ತು. ಔಷಧಿನೂ ಬೇಕಾಗ್ಲಿಲ್ಲ,” ಎಂದ ಮಾವ, ಹೆಮ್ಮೆಯಿಂದ.

ಮಗಳು ನಗಲಿಲ್ಲ. ಅದು ಸೋರಿಕೆಯಲ್ಲ, ಮೋಟಾರಿನ ಹೊಟ್ಟೆಯ ಬಿಸಿಯನ್ನು ಹೊತ್ತು ಹೊರಬರುವ ನೀರು, ಅದು ನಿಂತರೆ ಒಳಗೆಲ್ಲ ಬೇಯುತ್ತದೆ ಎಂದು ಬಿಡಿಸಿ ಹೇಳಿದಳು. ಮಾವ ಒಪ್ಪಲಿಲ್ಲ. ಹಗಲೆಲ್ಲ ನೀರಲ್ಲೇ ಬಿದ್ದಿರುವವಳಿಗೆ ನೀರಿನ ಕೊರತೆಯೇ? ಮೊನ್ನೆ ಹುಟ್ಟಿದವಳು ತನಗೆ ಪಾಠ ಹೇಳುವುದೇ?

“ನಂಬಬೇಡ ಬಿಡಪ್ಪ,” ಎಂದಳು ಮಗಳು, ಹೊಟ್ಟೆಯ ಮೇಲೆ ಕೈಯಿಟ್ಟು. “ಮೊಮ್ಮಗುವಿನ ಹುಟ್ಟಿಗೂ ಹುಟ್ಟು ಹಾಕ್ಕೊಂಡೇ ಕರ್ಕೊಂಡು ಹೋಗ್ತೀಯಾ?”

ಮಾವ ಹೋಗಿ ಸ್ಪ್ಯಾನರ್ ತಂದ.

ಅವಳು ಮಣೆಯ ಮೇಲೆ ಕೂತು ಹೇಳಿದಳು, ಅವನು ಮಾಡಿದ. ಮೊದಲು ಪ್ಲಗ್ಗಿನ ವೈರು ಕಳಚಿದ. ಕೈಯಿಟ್ಟಾಗ ನೀರು ತಳ್ಳುವ ಪಂಖ ತಿರುಗಬಾರದಲ್ಲ. ನೀರು ಚಿಮ್ಮುವ ತೂತಿನಲ್ಲಿ ತೆಳು ತಂತಿ ಆಡಿಸಿದಾಗ ಉಪ್ಪು, ಮಣ್ಣು ಉದುರಿತು. ಕೆಳಗಿನ ನೀರಿನ ಪಂಪು ಬಿಚ್ಚಿದರೆ, ಅದರ ರಬ್ಬರ್ ಚಕ್ರದ ಎರಡು ರೆಕ್ಕೆ ಮುರಿದಿದ್ದವು. ಮಗಳು ದುಡಿದಿದ್ದ ಅಂಗಡಿಯಿಂದ ಹೊಸದು ತರಿಸಿ ಹಾಕಿದ. ಕೊನೆಗೆ ಒಂದು ಡ್ರಮ್ಮು ಸಿಹಿನೀರು ಬೇಕಾಯಿತು.

ಬಟ್ಟೆ ಒಗೆಯುವ ಡ್ರಮ್ಮಿಗೆ ಅಡ್ಡ ನಿಂತವಳು ಅಮ್ಮ. “ಸ್ನಾನ ಮಾಡಿ ಅಂದ್ರೆ ನೀವು ನಾಳೆ ಅಂತೀರಿ. ಇವಳಿಗೆ ಡ್ರಮ್ ತುಂಬ ನೀರಾ?” ಎಂದಳು ಗಂಡನಿಗೆ. ಆಮೇಲೆ ತಾನೇ ಕೊಡ ತಂದು ಸುರಿದಳು.

ಮಾವ ದೊಡ್ಡವಳನ್ನು ಡ್ರಮ್ಮಿನಲ್ಲಿಳಿಸಿ, ಕಳಚಿದ್ದ ವೈರು ಮತ್ತೆ ಸಿಕ್ಕಿಸಿ, ಗೇರು ಹಾಕದೆ, ಹಗ್ಗ ಎಳೆದ. ಪುಟುಪುಟು. ನೀರಿನ ಎಳೆಯೊಂದು ಚಿಮ್ಮಿ ಮಾವನ ಅಂಗಿ ತೋಯಿಸಿತು. ಅವನು ಪಕ್ಕಕ್ಕೆ ಸರಿಯಲಿಲ್ಲ.

ಅಂದಿನಿಂದ ದಿನಾ ಸಂಜೆ ದೊಡ್ಡವಳಿಗೆ ಹತ್ತು ನಿಮಿಷ ಸ್ನಾನ.

ಆ ದಿನವೂ ಬಂತು. ನಡುನೀರಿನಲ್ಲಿ ಅಮ್ಮನ ಕೈ ಹಿಡಿದ ಮಗಳು ನೋವಿನ ನಡುವೆ ಕೇಳಿದಳು: “ಅಪ್ಪ, ಅಕ್ಕ ನೀರು ಬಿಡ್ತಿದ್ದಾಳಾ?”

“ಬಿಡ್ತಿದ್ದಾಳೆ ಮಗಾ. ನೀನು ಉಸಿರು ಬಿಡು.”

ಮರುದಿನ ಆಸ್ಪತ್ರೆಯಲ್ಲಿ ಮೊಮ್ಮಗಳು ತಾತನ ತೊಡೆ ಒದ್ದೆ ಮಾಡಿದಳು. ಎತ್ತಿಕೊಳ್ಳಲು ಬಂದ ನರ್ಸಮ್ಮನನ್ನು ಮಾವ ತಡೆದ. “ಇರ್ಲಿ ಬಿಡಿ ಸಿಸ್ಟರ್. ನೀರು ಬರ್ತಿದೆ ಅಂದ್ರೆ ಒಳಗೆ ಎಲ್ಲಾ ಸರಿಯಾಗಿದೆ ಅಂತ.”

ದೋಣಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ದಡ ಬಿಡುವಾಗ ಒಮ್ಮೆ ಹಿಂತಿರುಗಿ ನೋಡಿ. ನೀರಿನ ಎಳೆ ಕಾಣದಿದ್ದರೆ ಕೂಡಲೇ ಮೋಟಾರು ನಿಲ್ಲಿಸಿ. ನೀರಿಗಿಳಿಸದೆ ಎಂದೂ ಚಾಲೂ ಮಾಡಬೇಡಿ. ಉಪ್ಪುನೀರಲ್ಲಿ ದುಡಿದು ಬಂದವಳಿಗೆ ಸಿಹಿನೀರಿನ ಸ್ನಾನ ಮಾಡಿಸಿ. ನಿಮ್ಮ ದೋಣಿಯಲ್ಲಿ ನಿಶ್ಚಿಂತೆಯಿಂದ ಕೂತವಳು ಯಾರದೋ ಮನೆಯ ಮಗಳು.