ಎತ್ತರದ ಕಾಲಂ

ಕಟ್ಟಡ ಕಂಪನಿಯೊಂದರ ಜಾಹೀರಾತಿಗೆ ಇಂಗ್ಲಿಷ್ ಬರೆಯುವವಳು ನಾನು. ನಲವತ್ತು ಮಹಡಿಯ ಹೊಸ ಕಟ್ಟಡಕ್ಕೆ 'ಟಾಲ್' ಎಂದು ಬರೆದುಕೊಟ್ಟರೆ ಮ್ಯಾನೇಜರ್ ಮೂಗು ಮುರಿದರು.

"ಟಾಲ್ ಅಂತ ಲೈಟ್ ಕಂಬಕ್ಕೂ ಅಂತಾರಮ್ಮ. 'ಲಾಫ್ಟಿ' ಅಂದ್ರೆ ಸ್ವಲ್ಪ ಗಾಂಭೀರ್ಯ ಇದೆ. 'ಟವರಿಂಗ್' ಅಂದ್ರೆ ಅಕ್ಕಪಕ್ಕದವೆಲ್ಲ ಕುಳ್ಳಗೆ ಕಾಣ್ತವೆ. ನೀನು 'ಸೋರಿಂಗ್' ಹಾಕು, ಮುಗಿಲಿಗೇ ಹಾರಿದ ಹಾಗೆ. ಕೇಳಿದ್ರೇನೇ ತಲೆ ತಿರುಗಬೇಕು."

ಊಟವಾದ ಮೇಲೆ ಅವರೇ ಇನ್ನೊಂದು ಫಾರಂ ತಂದಿಟ್ಟರು. ಅದೇ ಕಟ್ಟಡದ ಗಾಜು ಒರೆಸಲು ಹಗ್ಗದಲ್ಲಿ ಇಳಿಯುವವರ ಸುರಕ್ಷತೆಯ ಫಾರಂ. ಎತ್ತರ ಎಂಥದ್ದೆಂದು ಅದರ ಒಂದು ಕಾಲಂನಲ್ಲಿ ವಿವರಿಸಬೇಕಿತ್ತು.

"'ಮಾಡರೇಟ್' ಅಂತ ಬರಿಯಮ್ಮ. 'ಹೈ' ಅಂದ್ರೆ ಒಬ್ಬೊಬ್ಬರಿಗೂ ರಕ್ಷಣೆಗೆ ಅಂತ ಎರಡನೇ ಹಗ್ಗ ಕೊಡಬೇಕಾಗತ್ತೆ, ಸುಮ್ಮನೆ ಖರ್ಚು."

ಆ ಹಗ್ಗದಲ್ಲಿ ನೇತಾಡುವವರಲ್ಲಿ ನನ್ನ ಅಣ್ಣನೂ ಒಬ್ಬ. ಕೊಳ್ಳುವವರಿಗೆ ಮುಗಿಲು ಮುಟ್ಟುವ ಕಟ್ಟಡ, ಅಣ್ಣ ಇಳಿಯುವಾಗ ಮಾತ್ರ ಸಾಧಾರಣ ಎತ್ತರದ್ದಾಗಿಬಿಡುತ್ತದೆಯೆ?

ಆ ಕಾಲಂನಲ್ಲಿ ದಪ್ಪ ಅಕ್ಷರದಲ್ಲಿ 'ಸೋರಿಂಗ್' ಎಂದು ಬರೆದು ನೇರ ಸುರಕ್ಷತಾ ಅಧಿಕಾರಿಗೆ ಕಳಿಸಿದೆ. ಮ್ಯಾನೇಜರ್ ಏದುಸಿರು ಬಿಡುತ್ತ ಬಂದರು.

"ಇದೇನು ಬರೆದಿದೀಯ?"

"ನೀವೇ ಆರಿಸಿದ ಪದ, ಸರ್. ತಲೆ ತಿರುಗಬೇಕು ಅಂದ್ರಲ್ಲ. ನಮ್ಮಣ್ಣನಿಗೆ ಅಲ್ಲಿ ನಿಜವಾಗ್ಲೂ ತಿರುಗತ್ತೆ. ಎರಡನೇ ಹಗ್ಗ ತರಿಸಿ."