ಬಾಯಿ ತುಂಬ ಮೊಳೆ

"ಬಿಡು! ಬಿಡೇ! ಬಿಡು ಅಂದ್ನಲ್ಲ!"

ಮೇಸ್ತ್ರಿಯ ಹೆಂಡತಿ ನೆಲಕ್ಕೆ ಮಂಡಿಯೂರಿ ಚಪ್ಪಲಿಯ ಒಂದು ತುದಿ ಹಿಡಿದಿದ್ದಳು. ಇನ್ನೊಂದು ತುದಿ ನಾಯಿಮರಿಯ ಬಾಯಲ್ಲಿತ್ತು. ಬಿಡು ಅಂದಷ್ಟೂ ಅದು ಹಿಂಗಾಲು ಊರಿ ಜಗ್ಗುತ್ತಿತ್ತು. ಬಾಲ ಬೀಸುವ ರಭಸಕ್ಕೆ ಸೊಂಟವೇ ಅತ್ತಿಂದಿತ್ತ ಓಲಾಡುತ್ತಿತ್ತು. ಕೊನೆಗೆ ಚಪ್ಪಲಿಯ ಬಾರು ಕಿತ್ತು ಬಂತು. ಮರಿ ಬಾರನ್ನು ಕಚ್ಚಿಕೊಂಡು ಕುರ್ಚಿಗಳ ಸುತ್ತ ಎರಡು ಸುತ್ತು ಹೊಡೆದು ಹೊಲಿಗೆ ಯಂತ್ರದ ಕೆಳಗೆ ನುಗ್ಗಿತು.

"ಅದಕ್ಕೆ ಪಾಠ ಹೇಳ್ಕೊಡೋಕೆ ಹೋಗಿ ನಿನಗೇ ಬಾಯಿಪಾಠ ಆಯ್ತು ನೋಡು" ಎಂದಳು ಬಾಗಿಲ ಬಳಿ ಕೂತಿದ್ದ ಅತ್ತೆ. "ಗಿರಗಿಟ್ಲೆ ಕಣೇ ಅದು. ಗಿರಗಿಟ್ಲೆಗೆ ಕಿವಿ ಎಲ್ಲಿರತ್ತೆ?"

ಮೇಸ್ತ್ರಿ ಏನೂ ಅನ್ನಲಿಲ್ಲ. ಅವನ ಬಾಯಲ್ಲಿ ಮೊಳೆಗಳಿದ್ದವು.

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುತ್ತಿದ್ದ. ಅವನಪ್ಪನೂ ಹಾಗೇ ಹೊಡೆಯುತ್ತಿದ್ದ. ಬಾಯಿ ತುಂಬ ಮೊಳೆ ಇಟ್ಟುಕೊಂಡು ಮಾತಾಡಲು ಆಗುವುದಿಲ್ಲ. ಅದಕ್ಕೇ ಸುತ್ತಿಗೆಯಿಂದ ಚೌಕಟ್ಟಿನ ಮರಕ್ಕೆ ತಟ್ಟುವುದು. ಒಂದು ಸಲ ತಟ್ಟಿದರೆ, ಆ ತುದಿಯಲ್ಲಿ ಬಟ್ಟೆ ಹಿಡಿದ ಹೆಂಡತಿ ಎಳೆಯಬೇಕು. ಎರಡು ತಟ್ಟಿದರೆ ಹಾಗೇ ನಿಲ್ಲಬೇಕು. ಮೂರು ತಟ್ಟಿದರೆ ಬಿಟ್ಟುಬಿಡಬೇಕು. ಮದುವೆಯಾದ ಹೊಸತರಲ್ಲಿ ಕಲಿತದ್ದು. ಈಗ ಅವಳ ಕೈಗಳು ಅವಳನ್ನು ಕೇಳದೆಯೇ ಅಷ್ಟನ್ನೂ ಮಾಡುತ್ತಿದ್ದವು.

ಮೊಳೆ ಇಲ್ಲದಾಗ ಅವನು ಬೈಯುತ್ತಿದ್ದ. ದಾರ ತುಂಡಾದರೆ ಬೈಗುಳ, ಗಿರಾಕಿ ಬಣ್ಣ ಬದಲಿಸಿದರೆ ಬೈಗುಳ.

"ಬಾಯಲ್ಲಿ ಮೊಳೆ ಇದ್ದಾಗ ಮಾತ್ರ ನೀವು ಒಳ್ಳೆ ಮನುಷ್ಯ" ಅನ್ನುತ್ತಿದ್ದಳು ಹೆಂಡತಿ.

ಊರಾಚೆ, ಬೀದಿಪಾಲಾದ ನಾಯಿಗಳನ್ನು ನೋಡಿಕೊಳ್ಳುವ ಒಂದು ಮನೆಯಿತ್ತು. ಅಲ್ಲಿನ ಹರಿದ ಬೆಂಚಿಗೆ ಹೊಸ ಹೊದಿಕೆ ಹಾಕಿಸಿದ್ದರು. ಅದನ್ನು ಕೊಟ್ಟು ಬರಲು ಹೋದ ಹೆಂಡತಿ, ಉಳಿದ ರೆಕ್ಸಿನ್ ತುಂಡಿನಲ್ಲಿ ಈ ಕಂದು ಮರಿಯನ್ನು ಸುತ್ತಿಕೊಂಡು ಬಂದಿದ್ದಳು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು.

"ಬೆಂಚು ಕೊಟ್ಟು ಬಾ ಅಂದ್ರೆ ನಾಯಿ ತಂದಿದೀಯಲ್ಲ, ತಲೆ ನೆಟ್ಟಗಿದೆಯಾ?" ಎಂದು ಮೇಸ್ತ್ರಿ ಕೂಗಿದ್ದು ಎದುರು ಮನೆಗೂ ಕೇಳಿತ್ತು. "ನೆಲದ ತುಂಬ ಮೊಳೆ. ಒಂದು ನುಂಗಿದ್ರೆ ಮುಗೀತು ಅದರ ಕಥೆ. ಆಮೇಲೆ ಅಳೋಳು ನೀನು. ನೋಡ್ಕೊಂಡು ಕೂರೋನು ನಾನು!"

"ಎರಡು ಮನೆಯೋರು ಆಗಲ್ಲ ಅಂತ ವಾಪಸ್ ಬಿಟ್ಟು ಹೋಗಿದಾರಂತೆ ಕಣ್ರಿ. ಭಾರೀ ಪುಂಡು ಅಂತ."

"ಮೂರನೇ ಮನೆ ನಮ್ದೇ ಆಗ್ಬೇಕಿತ್ತಾ?"

ನಾಯಿಮನೆಯಾಕೆಗೂ ಇದೇ ಭಯ. ಅವಳು ಅಂಗಡಿಯನ್ನು ನೋಡಲು ಬಂದವಳು ನೆಲದಿಂದ ಒಂದು ಮೊಳೆ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು. ಮರಿಗಳಿಗೆ ಪಾಠ ಹೇಳುವ ತರಗತಿ ಸೋಮವಾರ ಮೈದಾನದಲ್ಲಿ ಶುರುವಾಗುತ್ತದೆ, ಅಷ್ಟರೊಳಗೆ ಇದು ಒಂದೇ ಒಂದು ವಿಷಯ ಕಲಿತಿರಬೇಕು ಎಂದಳು. ಬಾಯಲ್ಲಿರುವುದನ್ನು ಹೇಳಿದ ತಕ್ಷಣ ಬಿಡಬೇಕು. "ಭಾನುವಾರ ಬಂದು ನೋಡ್ತೀನಿ. ಬಿಡ್ಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ. ಈ ಮನೇಲಿ ಅದು ಬದುಕಬೇಕಲ್ಲ."

ಹೆಂಡತಿ ತಯಾರಿಗೆ ನಿಂತಳು. ಸೋಫಾದ ಪಟ್ಟಿಯಿಂದ ಕೊರಳಪಟ್ಟಿ, ಹಗ್ಗ ಹೊಲಿದಳು. ಬೇಯಿಸಿದ ಮಾಂಸವನ್ನು ಬೆರಳುಗುರಿನಷ್ಟು ಕತ್ತರಿಸಿ ಡಬ್ಬಿಗೆ ತುಂಬಿದಳು. ಉಳಿದ ಮಖಮಲ್ಲಿನಲ್ಲಿ ಹಾಸಿಗೆಯನ್ನೂ ಹೊಲಿದಳು. ಮೇಸ್ತ್ರಿ ಅದನ್ನು ನೋಡಿ ಮುಖ ಸಿಂಡರಿಸಿದ, ಹೊಲಿಗೆ ಬಿಚ್ಚಿ ತಾನೇ ಮತ್ತೆ ಹೊಲಿದ.

"ನನ್ನ ಅಂಗಡಿಯಿಂದ ಸೊಟ್ಟ ಹೊಲಿಗೆ ಆಚೆ ಹೋಗಬಾರ್ದು."

"ಆಚೆ ಎಲ್ಲಿ ಹೋಗತ್ತೆ? ಮನೇಲೇ ಇರತ್ತೆ."

"ಭಾನುವಾರ ನೋಡೋಣ" ಎಂದ.

ಆದರೆ ಅಂಗಡಿಯ ಬೀಗದ ಗಾತ್ರದ ಒಂದು ಅಯಸ್ಕಾಂತಕ್ಕೆ ದಾರ ಕಟ್ಟಿ, ಕೆಲಸ ಮುಗಿದ ಮೇಲೆ ಮೂಲೆಮೂಲೆಗೂ ಎಳೆದಾಡತೊಡಗಿದ್ದ. ಹಾಗೆ ಗುಡಿಸಿದ ಮೇಲೆಯೇ ಮರಿಯ ಕಟ್ಟು ಬಿಚ್ಚಬೇಕು. ಹಗಲೆಲ್ಲ ಅದು ಯಂತ್ರದ ಕಾಲಿಗೆ ಕಟ್ಟಿಸಿಕೊಂಡು, ಹೆಂಡತಿಯ ಪಕ್ಕದಲ್ಲೇ ಒಂದು ಬಟ್ಟೆ ತುಂಡನ್ನು ಜಗ್ಗುತ್ತ ಕೂತಿರುತ್ತಿತ್ತು.

"ಏನೋ, ನಾಯಿಗೋಸ್ಕರ ನೆಲ ಗುಡಿಸ್ತಿದೀಯಾ?" ಎಂದು ಅವನ ಅಮ್ಮ ಕೆಣಕಿದರೆ, "ಮೊಳೆ ಹಾಳಾಗ್ಬಾರ್ದು ಅಂತ" ಎಂದು ಗದರಿದ.

ಪಾಠ ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ. ಹೆಂಡತಿ ಮಾಂಸದ ಚೂರು ತೋರಿಸಿ "ಬಿಡು" ಎಂದರೆ ಮರಿ ಮಾಂಸ ತಿಂದು ಮತ್ತೆ ಚಪ್ಪಲಿ ಕಚ್ಚುತ್ತಿತ್ತು. ಅತ್ತೆ "ಬಿಟ್ಬಿಡಮ್ಮ, ನನ್ನ ತಾಯಿ" ಎಂದು ರಮಿಸಿದರೆ ಅವಳ ಸೆರಗನ್ನೇ ಹಿಡಿಯುತ್ತಿತ್ತು. ಮೇಸ್ತ್ರಿ "ಏಯ್!" ಎಂದು ಗರ್ಜಿಸಿದರೆ ಅದಕ್ಕೆ ಹಬ್ಬ. ಮುಂಗಾಲು ಚಾಚಿ, ಅಂಡೆತ್ತಿ, ಇನ್ನೊಂದ್ಸಲ ಕೂಗು ಎಂಬಂತೆ ಕಾಯುತ್ತಿತ್ತು.

ಭಾನುವಾರ ನಾಯಿಮನೆಯಾಕೆ ಬಂದಳು. ಹೆಂಡತಿ ಬಟ್ಟೆಯ ತುಂಡೊಂದನ್ನು ಮರಿಗೆ ಕೊಟ್ಟು "ಬಿಡು" ಎಂದಳು. ಮರಿ ಬಾಲ ಅಲ್ಲಾಡಿಸಿತು. ಮತ್ತೆ ಹೇಳಿದಳು. ಬಟ್ಟೆಯನ್ನು ಸಿಗಿದು ಹಾಕಿತು. ಮೂರನೆಯ ಸಲ ಹೇಳುವ ಬದಲು ಅವಳು ಬಗ್ಗಿ ಚೂರುಗಳನ್ನು ಹೆಕ್ಕತೊಡಗಿದಳು.

"ಇರ್ಲಿ" ಎಂದಳು ನಾಯಿಮನೆಯಾಕೆ. "ಮೊಳೆ ಇಲ್ಲದ ಮನೆ ಹುಡುಕ್ತೀನಿ. ನಿಮ್ಮ ತಪ್ಪೇನಿಲ್ಲ."

ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ. ರಜೆಯ ದಿನವಾದರೂ ಸುತ್ತಿಗೆ ಎತ್ತಿಕೊಂಡ. ಪೊಟ್ಟಣದಿಂದ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ, ಇನ್ನೂ ಒಂದಿಷ್ಟು ಹಾಕಿಕೊಂಡ. ಅಷ್ಟು ಮೊಳೆ ಯಾವ ಕುರ್ಚಿಗೂ ಬೇಕಾಗುವುದಿಲ್ಲ. ಬೆನ್ನು ತಿರುಗಿಸಿ ಕೂತು, ಒಂದು ಕುರ್ಚಿಯ ಹಳೆಯ ಬಟ್ಟೆ ಕಿತ್ತು ಹಾಕಿ ಹೊಸದನ್ನು ಹೊಡೆಯತೊಡಗಿದ.

ಹೆಂಡತಿ ಮಖಮಲ್ಲಿನ ಹಾಸಿಗೆಯನ್ನು ಮಡಚಿ ಎದೆಗವಚಿಕೊಂಡಳು. ನಾಯಿಮನೆಯಾಕೆ ಯಂತ್ರದ ಕಾಲಿಂದ ಹಗ್ಗ ಬಿಚ್ಚಿದಳೋ ಇಲ್ಲವೋ, ಮರಿ ಜಾರಿತು. ಕುರ್ಚಿಯಿಂದ ಅದೇ ತಾನೇ ಕಿತ್ತು ಹಾಕಿದ್ದ ಹಳೆಯ ಪಟ್ಟಿಯೊಂದು ಮೇಸ್ತ್ರಿಯ ಪಕ್ಕದಲ್ಲಿ ಬಿದ್ದಿತ್ತು, ತುಕ್ಕು ಹಿಡಿದ ಮೊಳೆಗಳ ಸಮೇತ. ಮರಿ ಅದನ್ನು ಕಚ್ಚಿಕೊಂಡು ಓಡಿತು.

"ಅಯ್ಯೋ ಮೊಳೆ! ಮೊಳೆ! ಹಿಡೀರಿ!"

"ಬಿಡು! ಬಿಡೇ!"

"ಓಡಿಸ್ಬೇಡಿ, ಓಡಿಸಿದ್ರೆ ನುಂಗತ್ತೆ!"

ಮೂವರೂ ಕೂಗಿದಷ್ಟೂ ಅದು ಗಿರ್ರನೆ ಸುತ್ತಿತು. ಪಟ್ಟಿಯ ಅರ್ಧ ಬಾಯೊಳಗೆ ಹೋಗಿತ್ತು. ಮೇಸ್ತ್ರಿ ಎದ್ದು ನಿಂತ. ಕೂಗಲು ಬಾಯಿ ತೆರೆಯುವಂತಿಲ್ಲ, ಉಗಿಯಲು ಹೊತ್ತಿಲ್ಲ. ಮುಖ ಕೆಂಪಾಯಿತು. ಬಟ್ಟೆ ಸೊಟ್ಟಗಾದಾಗೆಲ್ಲ ಅವನ ಕೈ ಏನು ಮಾಡುತ್ತಿತ್ತೋ ಈಗಲೂ ಅದನ್ನೇ ಮಾಡಿತು.

ಟಕ್, ಟಕ್, ಟಕ್.

ಮರಿ ನಿಂತಿತು. ಬಾಯಿ ತೆರೆಯಿತು. ಪಟ್ಟಿ ನೆಲಕ್ಕೆ ಬಿತ್ತು.

ಹೆಂಡತಿಯ ಎದೆಯಿಂದ ಹಾಸಿಗೆಯೂ ಬಿತ್ತು. ಅವಳ ಕೈಗಳೂ ಬಿಟ್ಟುಬಿಟ್ಟಿದ್ದವು.

ನಾಯಿಮನೆಯಾಕೆ ಮೊದಲು ಚೇತರಿಸಿಕೊಂಡಳು. ಪಟ್ಟಿಯನ್ನು ಎತ್ತಿಟ್ಟು, ಮರಿಯ ಬಾಯಿ ಬಿಡಿಸಿ, ಬೆರಳಾಡಿಸಿ ನೋಡಿದಳು. ಏನೂ ಇರಲಿಲ್ಲ. ಪಟ್ಟಿಯ ಮೊಳೆಗಳೂ ಬಟ್ಟೆಗೆ ಅಂಟಿಕೊಂಡೇ ಇದ್ದವು.

"ಏನದು? ಏನ್ಮಾಡಿದ್ರಿ ನೀವು?"

ಹೆಂಡತಿಗೆ ನಗುವೋ ಅಳುವೋ ಗೊತ್ತಾಗಲಿಲ್ಲ. "ನಾನು ಬಟ್ಟೆ ಎಳೆದಾಗ ಅದೂ ಪಕ್ಕದಲ್ಲಿ ತುಂಡು ಎಳೀತಿತ್ತು. ನಾನು ಬಿಟ್ರೆ ಅದೂ ಬಿಡ್ತಿತ್ತು. ಆಟ ಅಂದ್ಕೊಂಡಿದ್ದೆ ಕಣ್ರಿ. ನಾವು ಬಾಯಿ ಬಡ್ಕೊಂಡಿದ್ದೇ ಬಂತು."

"ಇನ್ನೊಂದ್ಸಲ ಮಾಡಿ ನೋಡೋಣ" ಎಂದಳು ನಾಯಿಮನೆಯಾಕೆ, ಬಟ್ಟೆಯ ತುಂಡೊಂದನ್ನು ಮರಿಗೆ ಕೊಟ್ಟು.

ಮೇಸ್ತ್ರಿ ಮತ್ತೆ ತಟ್ಟಿದ. ಬಟ್ಟೆ ಬಿತ್ತು. ಮರಿ ಮಡಚಿದ ಕಿವಿಯನ್ನೂ ಎತ್ತಿ ಸುತ್ತಿಗೆಯನ್ನೇ ನೋಡುತ್ತ ಕೂತಿತು. ಅವನು ಅತ್ತ ತಿರುಗಿ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ಹಾಗೆ ತಿರುಗಿದವನು ಬಹಳ ಹೊತ್ತು ಇತ್ತ ತಿರುಗಲಿಲ್ಲ.

"ಎರಡು ಮನೇಲಿ ಎಷ್ಟು ಬೈಸ್ಕೊಂಡಿತ್ತೋ ಏನೋ" ಎಂದು ನಾಯಿಮನೆಯಾಕೆ ತನ್ನಷ್ಟಕ್ಕೆ ಅಂದುಕೊಳ್ಳುತ್ತ ಹಗ್ಗವನ್ನು ಮತ್ತೆ ಯಂತ್ರದ ಕಾಲಿಗೇ ಕಟ್ಟಿದಳು. "ನಾಳೆ ಮೈದಾನಕ್ಕೆ ಬನ್ನಿ. ಬರೋವಾಗ ಸುತ್ತಿಗೆ ಮರೀಬೇಡಿ."

ಸೋಮವಾರ ಬೆಳಿಗ್ಗೆ ಹೆಂಡತಿ ಚೀಲ ತುಂಬಿದಳು. ನೀರಿನ ಬಟ್ಟಲು, ಮಾಂಸದ ಡಬ್ಬಿ, ಒಂದು ಟವೆಲು. ಮೈದಾನದಲ್ಲಿ ತಟ್ಟಲೆಂದು ಮೇಸ್ತ್ರಿ ಹಳೆಯ ಸೋಫಾ ಕಾಲಿನಿಂದ ಕೈಯಗಲದ ಮರದ ತುಂಡೊಂದನ್ನು ಕೊಯ್ದು, ಉಜ್ಜಿ ನುಣುಪು ಮಾಡಿದ್ದ. ಅದನ್ನೂ ಸುತ್ತಿಗೆಯನ್ನೂ ಚೀಲದೊಳಗಿಟ್ಟ.

"ಸುತ್ತಿಗೆ ಹಿಡ್ಕೊಂಡು ನಾಯಿ ಓದ್ಸೋಕೆ ಹೋಗೋ ಗಂಡ್ಸನ್ನ ಇವತ್ತೇ ನೋಡಿದ್ದು" ಎಂದಳು ಅಮ್ಮ. "ಬಾಯಿಗೂ ಒಂದಿಷ್ಟು ಮೊಳೆ ಹಾಕ್ಕೊಂಡ್ ಹೋಗಪ್ಪ. ಇಲ್ಲಾಂದ್ರೆ ನೀನು ಕೂಗೋದಕ್ಕೆ ಅಲ್ಲಿರೋ ಬೇರೆ ಮರಿಗಳು ಹೆದರ್ಕೊಂಡಾವು."

ಅವನು ರೇಗಲಿಲ್ಲ. ಹೊಸ್ತಿಲ ಮೇಲೆ ಕೂತು ಷೂ ದಾರ ಕಟ್ಟಿಕೊಂಡ. ಚೀಲ ಹೆಗಲಿಗೇರಿಸಿ, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಆಮೇಲೆ ಹಿಂದೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ತಿರುಗಿಸಿ, ಬೆರಳಿನ ಗೆಣ್ಣಿನಿಂದ ಬಾಗಿಲ ಚೌಕಟ್ಟಿಗೆ ಒಂದೇ ಒಂದು ಸಲ ಮೆಲ್ಲಗೆ ತಟ್ಟಿದ.

ಮರಿ ಹಗ್ಗವನ್ನು ಬಾಯಲ್ಲಿ ಕಚ್ಚಿ ಎಳೆಯಿತು. ಮೇಸ್ತ್ರಿ ಎದ್ದ. ಮೆಟ್ಟಿಲಿಳಿದ. ಬೀದಿಯುದ್ದಕ್ಕೂ ಅದು ಜಗ್ಗಿದ ಕಡೆಗೆಲ್ಲ ಎಡವುತ್ತ, ಅರ್ಧ ಓಡುತ್ತ ಹೋದ. ಪಕ್ಕದಲ್ಲೇ ಗೋಡೆಗಳಿದ್ದವು, ಗೇಟುಗಳಿದ್ದವು, ದೀಪದ ಕಂಬಗಳಿದ್ದವು. ನಿಲ್ಲು ಎಂದು ಎರಡು ಸಲ ತಟ್ಟಲು ಅವನು ಎಲ್ಲೂ ಕೈ ಚಾಚಲಿಲ್ಲ.